ಹಾಲುಹಲ್ಲಿನ ಜಾಗ

ಮಗಳು ಸ್ಟೇಸಿಯ ಹಲ್ಲುನೋವಿಗೆ ತಾನೊಬ್ಬನೇ ಮುಕ್ತಾಯ ಹಾಡುತ್ತೇನೆಂದು ಆಗಸ್ಟಿನ್ ಘೋಷಿಸಿದಾಗ ಹೆಂಡತಿ ಮಗ್ದಲೀನ್ ತನ್ನ ನರ್ಸ್ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು.

"ನಾಳೆ ನೀನು ಡ್ಯೂಟಿಗೆ ಹೋಗು ಮಾರಾಯ್ತಿ. ಹಾಲುಹಲ್ಲು ತಾನೇ? ಹೇಗೂ ಬೀಳುವಂಥದ್ದು. ಕೀಳಿಸಿದರೆ ಖಲಾಸ್."

"ವಾರಕ್ಕೊಮ್ಮೆ ಬರುವವರಿಗೆ ಎಲ್ಲಾ ಸುಲಭ."

ಮಾತು ಸುಳ್ಳಲ್ಲ. ತಾಯಿ, ಮಗಳು ಅಬುಧಾಬಿಯ ಖಲೀಫಾ ಸಿಟಿಯಲ್ಲಿ. ಅವನು ದುಬೈಯಲ್ಲಿ ಗೋದಾಮಿನ ಸ್ಟೋರ್‌ಕೀಪರ್, ಕಂಪನಿ ರೂಮಿನ ವಾಸಿ. ಗುರುವಾರ ಸಂಜೆ ಬಂದು ಶನಿವಾರ ಹೊರಡುವ ಅಪ್ಪ. ಬರುವಾಗ ಕೈಯಲ್ಲಿ ಚಾಕಲೇಟಿನ ಡಬ್ಬ ಇರಲೇಬೇಕು. ಬರಿಗೈಯಲ್ಲಿ ಬಂದರೆ ಮಗಳು ಬಾಗಿಲಿಗೆ ಓಡಿ ಬರುತ್ತಾಳೋ ಇಲ್ಲವೋ, ಪರೀಕ್ಷಿಸಿ ನೋಡುವ ಧೈರ್ಯ ಅವನಿಗೆ ಬಂದೇ ಇರಲಿಲ್ಲ.

ಮರುದಿನ ಶನಿವಾರ ಅವನು ಮಗಳನ್ನು ಕರೆದುಕೊಂಡು ಹೋದ ಹಲ್ಲಿನ ಡಾಕ್ಟರ್ ಮೆಹರುನ್ನಿಸ ಪುತ್ತೂರಿನವರು. "ಕಿತ್ತರೆ ಪಕ್ಕದ ಹಲ್ಲು ಜರುಗಿ ಬರ್ತದೆ. ಹೊಸತು ಬರುವ ತನಕ ಇದೇ ಜಾಗ ಹಿಡಿದುಕೊಂಡಿರಬೇಕು. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕುವ" ಎಂದರು.

"ಇಷ್ಟು ಸಣ್ಣ ಹಲ್ಲಿಗೆ ರೂಟ್ ಕೆನಾಲಾ?"

"ಹೌದು. ರಾತ್ರಿ ಬ್ರಶ್ ಮಾಡ್ತಾಳಾ?"

"ತಪ್ಪದೆ. ನಾನೇ ನಿಂತು ಮಾಡಿಸುವುದು."

ಬಾಯಿ ತೆರೆದು ಮಲಗಿದ್ದ ಸ್ಟೇಸಿ ಎದ್ದು ಕೂತಳು. "ನೋ ಡ್ಯಾಡಿ. ಯೂ ಆರ್ ನಾಟ್ ದೇರ್."

ಡಾಕ್ಟರ್ ನಕ್ಕರು. ಆಗಸ್ಟಿನ್ನೂ ನಕ್ಕ, ಆದರೆ ಒಳಗೆ ಚುಚ್ಚಿತು. ಅಷ್ಟರಲ್ಲಿ ಸೂಜಿ ಹೊರಬಂತು. ಮಗಳಿಗೆ ಧೈರ್ಯ ಹೇಳಲು ಬಗ್ಗಿದ ಮಹಾವೀರನಿಗೆ ಕಣ್ಣು ಕತ್ತಲೆ ಕಟ್ಟಿ, ಅವನನ್ನೇ ಕುರ್ಚಿಯಲ್ಲಿ ಕೂರಿಸಿ ನೀರು ಕುಡಿಸಬೇಕಾಯಿತು. ಚಿಕಿತ್ಸೆ ಮುಗಿಯುವ ತನಕ ಸ್ಟೇಸಿ ಅವನ ಕೈ ಹಿಡಿದುಕೊಂಡಿದ್ದಳು.

ಸಂಜೆ ಅವನು ಹೊರಡುವಾಗ ಬ್ಯಾಗನ್ನು ಸ್ಟೇಸಿ ತಾನೇ ತುಂಬಿಕೊಟ್ಟಳು. ಭಾನುವಾರ ಬೆಳಿಗ್ಗೆ ದುಬೈಯ ರೂಮಿನಲ್ಲಿ ಬ್ಯಾಗ್ ತೆರೆದರೆ ಟೂತ್‌ಬ್ರಶ್ಶೇ ಇಲ್ಲ. ಫೋನ್ ಮಾಡಿದ.

"ನಮ್ಮ ಬ್ರಶ್ಶುಗಳ ಕಪ್ಪಿನಲ್ಲೇ ಇಟ್ಟುಕೊಂಡಿದ್ದಾಳೆ. ಮುಟ್ಟಲು ಬಿಡುವುದಿಲ್ಲ" ಎಂದಳು ಮಗ್ದಲೀನ್.

ಸ್ಟೇಸಿ ಫೋನ್ ಕಸಿದುಕೊಂಡಳು. "ನೀವು ಬರುವ ತನಕ ಅದು ನಿಮ್ಮ ಜಾಗ ಹಿಡಿದುಕೊಂಡಿರ್ತದೆ ಡ್ಯಾಡಿ. ಡಾಕ್ಟರ್ ಹೇಳಿದ್ರಲ್ಲ."

ಚಾಕಲೇಟಿನ ಮಾತನ್ನು ಅವಳು ಎತ್ತಲೇ ಇಲ್ಲ. ಆಗಸ್ಟಿನ್ ಫೋನ್ ಹಿಡಿದುಕೊಂಡೇ ಸ್ನಾನದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. "ಹಾಗಾದ್ರೆ ಇಲ್ಲಿ ನಾನು ಎಂತದರಲ್ಲಿ ಹಲ್ಲುಜ್ಜುವುದು ಮಗಾ?"

"ಯೂ ಹ್ಯಾವ್ ಎ ಫಿಂಗರ್."

ಸ್ನಾನದ ಕೋಣೆಯ ಹೊರಗೆ ಸಾಲುನಿಂತ ರೂಮಿನವರು ಬಾಗಿಲು ಬಡಿದರು. ಬೆರಳಲ್ಲಿ ಹಲ್ಲುಜ್ಜಲು ಅಷ್ಟು ಹೊತ್ತು ಏಕೆ ಬೇಕಾಯಿತೆಂದು ಅವನು ಯಾರಿಗೂ ಹೇಳಲಿಲ್ಲ.