ಅಕ್ಕನ ನಿದ್ದೆ ಪುಸ್ತಕ

ನಮ್ಮ ಅಕ್ಕನ ಮಂಚದ ಮೇಲೆ ಕೂತು, ಮರ್ಯಾದೆ ಉಳಿಸಿಕೊಂಡು ಎದ್ದವರು ಮಲ್ಲಿಪಟ್ಟಣದಲ್ಲಿ ಯಾರಾದರೂ ಇದ್ದರೆ ತೋರಿಸಿ. ನಾನು ಹೊಲಿಗೆಯವಳು, ಅವರಿಗೊಂದು ರವಿಕೆ ಪುಕ್ಕಟೆ ಹೊಲಿದುಕೊಡುತ್ತೇನೆ. ಗಂಡಸರಾದರೂ ಸರಿ!

ಮುಟ್ಟು ನಿಂತ ವರ್ಷದಿಂದ ಅಕ್ಕನಿಗೆ ನಿದ್ದೆಯಿಲ್ಲ. "ಅದು ಓಗ್ವಾಗ ನಿದ್ದೇನೂ ಕೈ ಹಿಡ್ಕೊಂಡು ಕರ್ಕೊಂಡೋಯ್ತು ಕಣೆ" ಎನ್ನುತ್ತಿದ್ದಳು. ಮಾಗಿಯ ಚಳಿಯಲ್ಲೂ ಮೈಯೆಲ್ಲ ಬೆವರು. ಭಾವ ಕಂಬಳಿಯೊಳಗೆ ನಡುಗುತ್ತಿದ್ದರೆ ಇವಳ ಕೈಯಲ್ಲಿ ಬೀಸಣಿಗೆ! ಕೊನೆಗೆ ಹಾಸನದ ಡಾಕ್ಟರು ಮಾತ್ರೆ ಬೇಡವೆಂದು ಒಬ್ಬ ಕೌನ್ಸೆಲರ್ ಮೇಡಂ ಹತ್ತಿರ ಕಳಿಸಿದರು. ಪ್ರತಿ ಗುರುವಾರ, ಮಾತಿನಲ್ಲೇ ಚಿಕಿತ್ಸೆ. ಜೊತೆಗೆ ನಾನು.

"ಬರೀ ಮಾತಾ ಮೇಡಂ? ಮಾತಿಗೆ ಎಲ್ಡು ಬಸ್ ಹತ್ಬೇಕಿತ್ತಾ? ನಮ್ಮೂರ್ ನಲ್ಲೀತಾವ ಸಿಕ್ಕಲ್ವಾ?" ಎಂದಳು ಅಕ್ಕ.

ಮೇಡಂ ನಕ್ಕುಬಿಟ್ಟರು. ಆ ನಗುವಿಗೇ ಅಕ್ಕ ಸೋತಳು. ಮೂರನೆಯ ಗುರುವಾರದ ಹೊತ್ತಿಗೆ ಅವರಿಗೆಂದು ಹುರುಳಿಕಾಳು ಕಟ್ಟಿಕೊಂಡು ಬರುತ್ತಿದ್ದಳು.

ಮೇಡಂ ಹೇಳಿದ್ದು ಇಷ್ಟು: ಮಂಚ ಇರುವುದು ನಿದ್ದೆಗೆ ಮಾತ್ರ, ನಿದ್ದೆ ಬರದಿದ್ದರೆ ಎದ್ದುಬಿಡಿ. ಅಕ್ಕ ಅದನ್ನು ಮನೆಗೇ ಕಾನೂನು ಮಾಡಿದಳು! ಪೇಪರ್ ಹಿಡಿದು ಕೂತ ಭಾವನನ್ನು ಎಬ್ಬಿಸಿದಳು. ಮಗಳ ಮದುವೆ ಮಾತಿಗೆ ಬಂದ ಬೀಗರು ಮಂಚದ ಮೇಲೆ ಕೂತರೆ, ಕಾಫಿ ತಟ್ಟೆ ಹಿಡಿದೇ ಕೇಳಿದಳು, "ನಿದ್ದೆ ಬಂದೈತಾ?"

"ಇಲ್ವಲ್ಲಮ್ಮ!"

"ಅಂಗಾರೆ ಏಳಿ ಮ್ಯಾಕೆ!"

ಆ ಸಂಬಂಧ ಹೇಗೆ ಕುದುರಿತೋ, ದೇವರಿಗೇ ಗೊತ್ತು.

ಇನ್ನೊಂದು ಕೆಲಸವಿತ್ತು. ಎಷ್ಟು ಹೊತ್ತಿಗೆ ಮಲಗಿದ್ದು, ಎಷ್ಟು ಹೊತ್ತಿಗೆ ಎದ್ದದ್ದು, ದಿನವೂ ಒಂದು ಪುಸ್ತಕದಲ್ಲಿ ಬರೆಯಬೇಕು. ಅಕ್ಕನಿಗೆ ಓದುಬರಹ ಬಾರದು. ಕೂಸಾಗಿದ್ದ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದರಿಂದಲೇ ಅವಳು ಸ್ಕೂಲಿನ ಮೆಟ್ಟಿಲು ಹತ್ತಲಿಲ್ಲ. ನಾನು ಏಳನೇ ಕ್ಲಾಸಿನವರೆಗೆ ಹೋದೆ. ಭಾವನೋ ಮಗಳೋ ಬರೆಯಬಹುದಿತ್ತು. "ಬ್ಯಾಡ, ನನ್ ತಂಗಿ ಅಕ್ಷರ ಮುತ್ತಿನಂಗೈತೆ" ಎಂದಳು. ಹಾಗಾಗಿ ಬೆಳಿಗ್ಗೆ ಅವಳು ಹೊಳೆನರಸೀಪುರದ ನನ್ನ ಮನೆಗೆ ಫೋನ್ ಮಾಡುವುದು, ನಾನು ಬರೆಯುವುದು.

ಬರೀ ಗಂಟೆ ಹೇಳಿ ಮುಗಿಸಿದರೆ ತಾನೆ? ಮಗ್ಗುಲು ಬದಲಿಸಿದ್ದು, ಸೀಮೆಹಸು ಕೆಮ್ಮಿದ್ದು, ತೀರಿಹೋದ ಅವ್ವ ನೆನಪಾದದ್ದು, ಅವ್ವ ಉಪ್ಪಿನಕಾಯಿ ಜಾಡಿಯನ್ನು ನನ್ನಿಂದ ಬಚ್ಚಿಡುತ್ತಿದ್ದದ್ದು... ನನಗೋ ಮದುವೆ ಕಾಲದ ರವಿಕೆಗಳ ರಾಶಿ. ಮೊದಮೊದಲು ಹೂಂಗುಟ್ಟಿದೆ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟೆ. ಪುಸ್ತಕ ಖಾಲಿ ಬಿಡಲಾದೀತೆ? ಒಂದೇ ಸಲ ಕೂತು ವಾರದ್ದೆಲ್ಲ ಬರೆದೆ. "ಹತ್ತಕ್ಕೆ ಮಲಗಿದ್ದು, ಐದಕ್ಕೆ ಎದ್ದದ್ದು. ಒಳ್ಳೆ ನಿದ್ದೆ." ಮುಂದಿನ ವಾರವೂ ಅದೇ. ಮುತ್ತಿನಂಥ ಅಕ್ಷರ!

ಮೇಡಂ ಹಿಗ್ಗಿಹೋದರು. "ಇಷ್ಟು ಚೆನ್ನಾಗಿ ನಿದ್ದೆ ಬರ್ತಿದ್ಯಾ? ನಿಜವಾ?"

ಅಕ್ಕ ನನ್ನ ಮುಖ ನೋಡಿದಳು. "ನನ್ ತಂಗಿ ಬರ್ದವ್ಳಲ್ಲ ಮೇಡಂ" ಎಂದಳು.

"ಹಾಗಾದ್ರೆ ಇನ್ನು ಬರೋದು ಬೇಡಮ್ಮ."

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಕೇಳಿದಳು, "ಅಂಗಾರೆ ನಂಗೆ ನಿದ್ದೆ ಬತ್ತಾ ಐತೇನೆ? ನಂಗೇ ಗೊತ್ತಾಗ್ತಿಲ್ಲ ನೋಡು!" ಅರಕಲಗೂಡಿನ ಬಸ್ ಬಂತು, ಹತ್ತಿದಳು. ನಾನು ಹೊಳೆನರಸೀಪುರದ ಬಸ್ ಹುಡುಕಿಕೊಂಡು ಹೊರಟೆ.

ಮರುದಿನ ಬೆಳಿಗ್ಗೆ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನಗೆ ಬೇಕಾಗಿದ್ದದ್ದು ಇದೇ ತಾನೆ? ಆದರೂ ಮಿಷನ್ ತುಳಿಯುತ್ತಿದ್ದರೆ ಕಿವಿ ಮಾತ್ರ ಫೋನಿನ ಕಡೆ. ಸೀಮೆಹಸುವಿನ ಕೆಮ್ಮು ಏನಾಯಿತೋ! ಉಪ್ಪಿನಕಾಯಿ ಜಾಡಿ ಕೊನೆಗೆ ಎಲ್ಲಿತ್ತೋ! ಅವ್ವನ ಸುದ್ದಿ ನನಗೆ ಹೇಳುವವರು ಇನ್ನು ಯಾರಿದ್ದಾರೆ?

ಹನ್ನೆರಡನೆಯ ದಿನ ತಡೆಯಲಾರದೆ ಮಲ್ಲಿಪಟ್ಟಣಕ್ಕೆ ಹೋದೆ. ಅಕ್ಕನ ಕಣ್ಣುಗಳು ಗುಳಿ ಬಿದ್ದಿದ್ದವು. ಕಂಡವಳೇ ಕುಸಿದು ಕೂತು ಎಲ್ಲ ಒಪ್ಪಿಕೊಂಡೆ. "ಗುರುವಾರ ಹಾಸನಕ್ಕೆ ಓಗಾನ. ಮೇಡಂಗೆ ನಾನೇ ಯೋಳ್ತೀನಿ" ಎಂದೆ.

"ಬ್ಯಾಡ ಕಣೆ, ನಿನ್ನ ಬಯ್ತಾರೆ."

"ಬಯ್ಲಿ."

ಸೆರಗಿನಿಂದ ನನ್ನ ಮುಖ ಒರೆಸಿದಳು. ನಾನು ಎಲ್ಲಿ ಕೂತಿದ್ದೇನೆಂದು ಆಗ ಗೊತ್ತಾಯಿತು. ಮಂಚ! ಗಡಬಡಿಸಿ ಏಳಹೋದೆ.

"ನಂಗೆ ನಿದ್ದೆ ಬಂದಿಲ್ಲ ಅಕ್ಕ."

ಅಕ್ಕ ಭುಜ ಹಿಡಿದು ಕೂರಿಸಿದಳು.

"ನಂಗೂ ಬಂದಿಲ್ಲ. ವಸಿ ಜರುಗು" ಎಂದು ಪಕ್ಕದಲ್ಲೇ ಕೂತಳು.