ಕಿಮ್ಚಿ ಡಬ್ಬಿಯ ಹಿಂದೆ

ಹೊಟ್ಟೆಗೆ ಕ್ಯಾಮೆರಾ ಇಳಿಸುವಾಗ ಎಚ್ಚರವಾಗಿರುತ್ತೀರೋ, ಮಂಪರಿನ ಇಂಜೆಕ್ಷನ್ ಬೇಕೋ ಎಂದು ಆಸ್ಪತ್ರೆಯವರು ಫೋನಿನಲ್ಲಿ ಕೇಳಿದಾಗ ಮಾ ಜೊಂಗ್‌ಥೆ 'ಎಚ್ಚರ' ಎಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಮಂಪರಾದ್ರೆ ಮನೆಯವರು ಯಾರಾದ್ರೂ ಜೊತೆಗೆ ಬರ್ಲೇಬೇಕು" ಎಂದಳು ಫೋನಿನಲ್ಲಿದ್ದ ಆಸ್ಪತ್ರೆಯವಳು.

ಜೊಂಗ್‌ಥೆಯ ಮುಖ ಅರಳಿತು. "ಹಾಗಾದ್ರೆ ಮಂಪರೇ ಇರ್ಲಿ!"

ಹೆಂಡತಿ ಗ್ಯೊಂಗ್‌ರಾನ್ ಅವನ ಕುಡಿತಕ್ಕೆ ರೋಸಿ ಅಕ್ಕನ ಊರು ಚುಂಚಿಯಾನ್ ಸೇರಿ ಒಂದು ಚಳಿಗಾಲವೇ ಕಳೆದಿತ್ತು. "ಸೋಜು ಬಾಟ್ಲಿನೋ ನಾನೋ, ನೀವೇ ನೋಡ್ಕೊಳ್ಳಿ" ಎಂದು ಹೋಗಿದ್ದಳು. ಅಂದಿನಿಂದ ಅವನು ಸೋಜು ಮುಟ್ಟಿರಲಿಲ್ಲ. ಹೇಳಿದರೆ ಅವಳು ನಂಬುವವಳಲ್ಲ; ನಂಬುವ ಹಾಗೆ ಅವನು ಬಾಳಿದವನೂ ಅಲ್ಲ. ಡಾಕ್ಟರ ಬಾಯಿಂದಲೇ ಅವಳು ಕೇಳಲಿ ಎಂಬ ಆಸೆ. ಅವಳ ಖಾಲಿ ಜಾಗ ನೋಡುತ್ತ ಉಂಡರೆ ಅರ್ಧ ಅನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು.

ಆಫೀಸಿನ ತಾಕ್‌ಗೆ ವಿಷಯ ತಿಳಿಯಿತು. ಕರೆಯದ ಕಡೆಗೆಲ್ಲ ಮೊದಲು ಹೋಗುವವನು ಅವನು.

"ಅತ್ತಿಗೆಗ್ಯಾಕೆ ತೊಂದ್ರೆ ಅಣ್ಣಾ? ನಾನ್ ಬರ್ತೀನಿ. ಮುಗಿದ್ಮೇಲೆ ಬಿಸಿ ಸೂಪು, ಜೊತೆಗೆ ಒಂದೇ ಒಂದು ಬಟ್ಲು..."

"ನೀನು ದಯವಿಟ್ಟು ಬರ್ಬೇಡ."

"ಆದ್ರೂ ಹುಷಾರು. ಮಂಪರಲ್ಲಿ ನಮ್ಮ ಮ್ಯಾನೇಜರು ನರ್ಸಿಗೆ ಸಂಬಳ ಏರಿಸಿಬಿಟ್ಟಿದ್ರಂತೆ!"

ಆ ದಿನ ಗ್ಯೊಂಗ್‌ರಾನ್ ಬಂದೇ ಬಂದಳು. ಕರೆಯದಿದ್ದರೂ ತಾಕ್ ಕೂಡ ಬಂದು ಮೂಲೆಯ ಕುರ್ಚಿಯಲ್ಲಿ ಕೂತ.

"ಸೊರಗಿದೀರಿ" ಎಂದಳು ಅವಳು.

"ನೀನಿಲ್ವಲ್ಲ."

ಡಾಕ್ಟರು ರಕ್ತಪರೀಕ್ಷೆ ನೋಡಿ ತಲೆದೂಗಿದರು. "ಲಿವರ್ ಚೆನ್ನಾಗಿ ಸುಧಾರಿಸಿದೆ. ಕುಡಿಯೋದು ಬಿಟ್ಟಿರೋದು ಗೊತ್ತಾಗುತ್ತೆ."

ಗ್ಯೊಂಗ್‌ರಾನ್ ಕಣ್ಣೊರೆಸಿಕೊಂಡಳು. "ನಾನು ಉಪ್ಪು ಖಾರ ಹಚ್ಚಿ ಹಾಕಿಟ್ಟ ಎಲೆಕೋಸಿನ ಕಿಮ್ಚಿ ಇನ್ನೂ ಇದೆಯಾ?"

"ಮುಟ್ಟೇ ಇಲ್ಲ ಕಣೇ. ಅದೂ ಮುಗಿದ್ರೆ ನೀನು ಪೂರ್ತಿ ಹೋದ ಹಾಗೆ ಅನ್ಸೋದು."

"ಸಂಜೆ ಮನೆಗೆ ಬರ್ತೀನಿ. ಇಬ್ರೂ ಉಣ್ಣೋಣ."

ಜೊಂಗ್‌ಥೆ ಮದುಮಗನ ಹಾಗೆ ನಾಚುತ್ತ ಇಂಜೆಕ್ಷನ್‌ಗೆ ತೋಳು ಚಾಚಿದ.

ಕಣ್ಣು ಬಿಟ್ಟಾಗ ಪಕ್ಕದಲ್ಲಿ ತಾಕ್ ಒಬ್ಬನೇ ಇದ್ದ.

"ಅವಳೆಲ್ಲಿ?"

"ನಿಮ್ಮ ಮನೆಗೆ ಹೋದ್ರು."

"ಈಗ್ಲೇನಾ?"

"ಓಡೇ ಹೋದ್ರು ಅಣ್ಣಾ. ಮಂಪರಲ್ಲಿ ನೀವು 'ಬಾರೇ, ನೀನಿಲ್ದೆ ನಿದ್ದೆ ಬರ್ತಿಲ್ಲ' ಅಂತ ಅತ್ತುಬಿಟ್ರಿ. ಅತ್ತಿಗೆ ಕೈ ಹಿಡ್ಕೊಂಡು 'ಇಲ್ಲೇ ಇದೀನಿ ರೀ' ಅಂದ್ರು. ಆಮೇಲೂ ನೀವು..."

ಉಳಿದದ್ದನ್ನು ಕೇಳುವ ತಾಳ್ಮೆ ಯಾರಿಗಿದೆ? ಜೊಂಗ್‌ಥೆ ತೂರಾಡುತ್ತಲೇ ಟ್ಯಾಕ್ಸಿ ಹತ್ತಿದ. ದಾರಿಯಲ್ಲಿ ಹೂವನ್ನೂ ಕೊಂಡ.

ಮನೆಯ ಹೊಸ್ತಿಲಲ್ಲಿ ಅವಳ ಚಪ್ಪಲಿ ಇರಲಿಲ್ಲ. ಕಿಮ್ಚಿಗೆಂದೇ ಇದ್ದ ಫ್ರಿಜ್ಜಿನ ಬಾಗಿಲು ಹಾರುಹೊಡೆದಿತ್ತು. ಡಬ್ಬಿ ಮಾಯ. ಅದರ ಹಿಂದೆ ಕುಡಿತದ ದಿನಗಳಲ್ಲಿ ಅವಳ ಕಣ್ಣು ತಪ್ಪಿಸಿ ಅವನೇ ಇಟ್ಟಿದ್ದ ಹಸಿರು ಸೋಜು ಬಾಟ್ಲಿ ಮಾತ್ರ ಒಂಟಿಯಾಗಿ ನಿಂತಿತ್ತು.

ತಾಕ್‌ಗೆ ಫೋನ್ ಮಾಡಿದ. "ಆಮೇಲೆ ನಾನು ಏನಂದೆ?"

"ಅದನ್ನೇ ಹೇಳಕ್ಕೆ ಬಂದೆ, ನೀವು ಕೇಳ್ಲಿಲ್ಲ. 'ಎಷ್ಟು ದಿನ ಅಂತ ಕಿಮ್ಚಿ ಡಬ್ಬಿ ಹಿಂದೆ ಅಡಗಿರ್ತೀಯೇ, ತಣ್ಣಗೆ ಗಂಟಲಿಗೆ ಇಳಿ ಬಾರೇ' ಅಂದ್ರಿ. ಅತ್ತಿಗೆ ಕೈ ಬಿಡಿಸ್ಕೊಂಡು ಎದ್ದುಬಿಟ್ರು... ಅಣ್ಣಾ, ಬೇಜಾರು ಮಾಡ್ಕೋಬೇಡಿ. ಸಂಜೆ ಬರ್ಲಾ, ಜೊತೆಗೆ?"

ಜೊಂಗ್‌ಥೆ ಫೋನ್ ಇಟ್ಟ. ಬಾಟ್ಲಿಯ ಮುಚ್ಚಳ ಒಡೆದೇ ಇರಲಿಲ್ಲ. ಅದನ್ನು ತೋರಿಸೋಣವೆಂದರೆ ನೋಡುವವಳು ಬಸ್ಸು ಹತ್ತಿಯಾಗಿತ್ತು. ಅವನು ಹೂವನ್ನು ಪಕ್ಕಕ್ಕಿಟ್ಟು, ಬಾಟ್ಲಿಯನ್ನು ಸರಿಸಿ, ಖಾಲಿ ಫ್ರಿಜ್ಜಿನೊಳಗೆ ತಲೆ ತೂರಿಸಿದ. ಅವಳ ಕಿಮ್ಚಿಯ ವಾಸನೆ ಇನ್ನೂ ಇತ್ತು.