ಹೊಗೆಯ ಅತ್ತರು, ನನ್ನ ಬಾಯಿ

ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ, ಮೂಗಿಗೆ ಮಾತ್ರ ಮುಚ್ಚಳ ಕೊಡಲಿಲ್ಲ. ಈ ಅನ್ಯಾಯಕ್ಕಾಗಿ ನಾನು ಬಹಳ ವರ್ಷ ದೇವರ ಮೇಲೆ ಸಿಟ್ಟಾಗಿದ್ದೆ. ಈಗ ಆ ಸಿಟ್ಟು ಇಳಿದಿದೆ. ಮುಚ್ಚಳ ಕೊಟ್ಟ ಬಾಯಿಯನ್ನೇ ಹೊತ್ತಿಗೆ ಸರಿಯಾಗಿ ಮುಚ್ಚಲಾರದವನು ಮೂಗಿಗೂ ಒಂದು ಸಿಕ್ಕಿದ್ದರೆ ಏನು ಮಾಡುತ್ತಿದ್ದೆ? ಎಲ್ಲೋ ಇಟ್ಟು ಮರೆತು, ಹೆಂಡತಿಯನ್ನು ಕೇಳುತ್ತಿದ್ದೆ.

ನಾನು ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಅದು ಪಗಾರಕ್ಕೆ. ಚಟಕ್ಕೆ ಹಾಸ್ಯ ಭಾಷಣಕಾರ. ಸುತ್ತಲಿನ ಊರುಗಳಲ್ಲಿ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್ ಇರಲಿ, ಯಾರದೋ ನಿವೃತ್ತಿ ಸಮಾರಂಭವಿರಲಿ, ಮುಖ್ಯ ಅತಿಥಿಗಳು ಬರುವುದು ತಡವಾದಾಗ ಜನ ಎದ್ದು ಹೋಗದ ಹಾಗೆ ಹಿಡಿದಿಡಲು ನನ್ನನ್ನು ಕರೆಯುತ್ತಾರೆ. ಅತಿಥಿಗಳ ಕಾರು ಕಂಡ ಕೂಡಲೇ ಅರ್ಧ ಜೋಕಿನಲ್ಲಿ ನನ್ನ ಕೈಯಿಂದ ಮೈಕು ಕಸಿದುಕೊಂಡು ಹೆಗಲಿಗೆ ಶಾಲು ಹಾಕುತ್ತಾರೆ. ಹೀಗೆ ಬಂದ ಶಾಲುಗಳು ಮನೆಯಲ್ಲಿ ಒಂದು ಟ್ರಂಕು ತುಂಬಿವೆ. ಅವುಗಳಲ್ಲಿ ನಿಜವಾದ ಉಣ್ಣೆಯದು ಒಂದೇ, ಬೂದು ಬಣ್ಣದ್ದು. ಅದನ್ನು ನನ್ನ ಹೆಂಡತಿ ಮಹಾದೇವಿ ಚಳಿಗಾಲದಲ್ಲಿ ಹೊದ್ದುಕೊಳ್ಳುತ್ತಾಳೆ. ಹಾಸ್ಯಕ್ಕೆ ವಿಷಯ ಎಲ್ಲಿಂದ ತರುತ್ತೀರಿ ಎಂದು ಜನ ಕೇಳುತ್ತಾರೆ. ಪುಢಾರಿಗಳ ಬಗ್ಗೆ ಆಡಿದರೆ ವರ್ಗಾವಣೆ, ಜಾತಿಯ ಬಗ್ಗೆ ಆಡಿದರೆ ಪೆಟ್ಟು. ಹೆಂಡತಿಯ ಬಗ್ಗೆ ಆಡಿದರೆ ಏನೂ ಆಗುವುದಿಲ್ಲ ಎಂದು ಈ ಧಂದೆಯವರೆಲ್ಲ ನಂಬಿದ್ದೇವೆ.

ಮಹಾದೇವಿಯ ತವರು ಮೂಡಲಗಿ. ಪ್ರತಿವರ್ಷ ದೀಪಾವಳಿಗೆ ಅಲ್ಲಿಗೆ ಹೋದವಳು ಉಂಡಿ, ಚಕ್ಕುಲಿಗಳ ಜೊತೆಗೆ ಹೆಬ್ಬೆರಳಿನಷ್ಟು ಒಂದು ಸೀಸೆ ತರುತ್ತಿದ್ದಳು. ಅವಳ ತವರಿನ ಪಕ್ಕದ ಮನೆಯ ದಸ್ತಗೀರ ಕಾಕಾ ಸಂತೆಯಲ್ಲಿ ಅತ್ತರು, ಧೂಪದ ಊದು, ಕಣ್ಣಿನ ಸುರಮಾ ಮಾರುವವರು. ಸೀಸೆ ಅವರು ಕೊಟ್ಟದ್ದು. ಅತ್ತರು ಅಂದರೆ ನೀವು ಗುಲಾಬಿ, ಮಲ್ಲಿಗೆ ಅಂದುಕೊಳ್ಳುತ್ತೀರಿ. ಇದರಲ್ಲಿ ಹೂವಿನ ಸುಳಿವೇ ಇಲ್ಲ. ಕೆಂಡದ ಮೇಲೆ ಊದು ಹಾಕಿದಾಗ ಏಳುವ ಹೊಗೆ, ಆರಿದ ಮೇಲಿನ ಬೂದಿ, ಒಣಗಿದ ಕಟ್ಟಿಗೆ, ಇಷ್ಟೇ. ಸಿಹಿ ಹೊಸ್ತಿಲಿನಾಚೆಯೇ ನಿಂತಿರುತ್ತದೆ. ನಾನು ಹುಟ್ಟಿದ್ದು ಗೋಕಾಕದಲ್ಲಿ, ಕರದಂಟು ತಿಂದು ಬೆಳೆದವನು. ನನಗೆ ವಾಸನೆಯಲ್ಲೂ ಬೆಲ್ಲ ಬೇಕು. ಕಬ್ಬು ನುರಿಸುವ ದಿನಗಳಲ್ಲಿ ನಮ್ಮ ಕಡೆ ಗಾಳಿಯೇ ಸಿಹಿಯಾಗಿ ಅಂಟುತ್ತದೆ. ಅಂಥ ನಾಡಿನಲ್ಲಿ ಒಬ್ಬಳಿಗೆ ಸಿಹಿಯಲ್ಲದ್ದು ಒಂದಾದರೂ ಬೇಕಾಗಿರಬಹುದು ಎಂದು ನನಗೆ ಹೊಳೆಯಲಿಲ್ಲ. ಚಳಿ ಬಿದ್ದ ದಿನ ಮುಂಜಾನೆ ಸ್ನಾನವಾದ ಮೇಲೆ ಅವಳು ಒಂದು ಹನಿಯನ್ನು ಶಾಲಿನ ಅಂಚಿಗೆ ಒರೆಸಿ, ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಶಿವರಾತ್ರಿ ಮುಗಿದರೆ ಸೀಸೆ ಮತ್ತೆ ಕಪಾಟಿಗೆ. ಬಿಸಿಲಿಗೆ ಇದು ಹಚ್ಚುವುದಲ್ಲವಂತೆ, ಕಾಕಾನ ಅಪ್ಪಣೆ.

ಎರಡು ವರ್ಷದ ಹಿಂದೆ ನಮ್ಮದೇ ಶಾಲೆಯ ಗ್ಯಾದರಿಂಗ್. ಅತಿಥಿಗಳು ಎಂದಿನಂತೆ ದಾರಿಯಲ್ಲಿದ್ದರು. ನನ್ನ ಹತ್ತಿರವಿದ್ದ ಸರಕೆಲ್ಲ ಮುಗಿದಿತ್ತು. ಮುಂದಿನ ಸಾಲಿನಲ್ಲಿ ಹೆಣ್ಣುಮಕ್ಕಳ ನಡುವೆ ಬೂದು ಶಾಲು ಕಂಡಿತು. ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು. “ನಮ್ಮ ಮನ್ಯಾಕಿ ಒಂದು ಅತ್ತರ ಹಚ್ಕೋತಾಳ್ರಿ. ಮೊನ್ನೆ ಸಾಲಿಯಿಂದ ಮನಿಗೆ ಹೋದೆ. ವಾಸನಿ ಬಂತು. ಮಠಕ್ಕ ಬಂದೆ ಅಂತ ತಿಳದು ಚಪ್ಪಲಿ ಹೊರಗ ಬಿಟ್ಟೆ, ಕೈ ಮುಗದೆ, ಪ್ರಸಾದಕ್ಕ ಪಂಕ್ತಿಯೊಳಗ ಕುಂತೆ. ತಾಟಿನ್ಯಾಗ ನಿನ್ನೀ ಉಪ್ಪಿಟ್ಟು ಬಿತ್ತು ನೋಡ್ರಿ, ಆಗ ಗೊತ್ತಾತು, ಇದು ನಮ್ಮ ಮನೀನ!”

ಮಂಟಪ ಹಾರಿಹೋಗುವಂತೆ ನಗು. ಅಕ್ಕಪಕ್ಕದ ಹೆಂಗಸರು ಮಹಾದೇವಿಯ ಕಡೆ ಬಾಗಿ ಮೂಸಿ ನೋಡಿದರು. ಅವಳೂ ನಕ್ಕಳು. ನಗುತ್ತಲೇ ಶಾಲನ್ನು ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ಅಷ್ಟು ಚಳಿಯಲ್ಲಿ ಯಾಕೆ ತೆಗೆದಳು ಎಂದು ನಾನು ಯೋಚಿಸಲಿಲ್ಲ, ಚಪ್ಪಾಳೆ ಕೇಳುವುದರಲ್ಲಿದ್ದೆ.

ಮರುದಿನ ಹಿತ್ತಲಿಗೆ ಹೋದರೆ ಬೂದು ಶಾಲು ತಂತಿಯ ಮೇಲೆ ಒಣಗುತ್ತಿತ್ತು. ಸೋಪು ಹಾಕಿ ಒಗೆದಿದ್ದಳು. ಸಿಟ್ಟಿಲ್ಲ, ಸೆಡವಿಲ್ಲ. ಊಟಕ್ಕೆ ಹೊತ್ತಿಗೆ ಸರಿಯಾಗಿ ಬಡಿಸಿದಳು, ಪಲ್ಯದಲ್ಲಿ ಉಪ್ಪು ಕೂಡ ಹದವಾಗಿತ್ತು. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಇಲ್ಲ. ಉಪ್ಪು ಹೆಚ್ಚಾಗಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಆ ದಿನದಿಂದ ಅವಳು ಏನನ್ನೂ ಹಚ್ಚಲಿಲ್ಲ. ಮುಂದಿನ ದೀಪಾವಳಿಗೆ ಮೂಡಲಗಿಗೆ ಹೋಗಿ ಬಂದಳು, ಉಂಡಿ ಬಂತು, ಚಕ್ಕುಲಿ ಬಂತು, ಸೀಸೆ ಬರಲಿಲ್ಲ. ನಾನು ಸಂಕೇಶ್ವರಕ್ಕೆ ಹೋಗಿ ಮಲ್ಲಿಗೆ ವಾಸನೆಯ ಸ್ಪ್ರೇ ತಂದುಕೊಟ್ಟೆ. “ಚಲೋ ಐತ್ರಿ” ಎಂದು ತೆಗೆದುಕೊಂಡಳು. ವಾರದ ಮೇಲೆ ಅದು ನಮ್ಮ ಪಾಯಖಾನೆಯ ಕಿಟಕಿಯಲ್ಲಿ ಕಂಡಿತು.

ಇನ್ನೊಂದು ಚಳಿಗಾಲ ಬಂತು. ಮನೆಯಲ್ಲಿ ಯಾವ ವಾಸನೆಯೂ ಇಲ್ಲ. ಆಗ ತಿಳಿಯಿತು, ನನ್ನ ಮೂಗು ಇಷ್ಟು ವರ್ಷ ಬೈಯುತ್ತಾ ಬೈಯುತ್ತಾ ಅದನ್ನೇ ಕಾಯುತ್ತಿತ್ತು. ಒಂದು ರವಿವಾರ ಗೋಕಾಕದಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ಗೋಕಾಕ ದಾಟಿ ಮೂಡಲಗಿಗೆ ಹೋದೆ.

ದಸ್ತಗೀರ ಕಾಕಾ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು. “ಬರ್ರಿ ಅಳಿಯಾರ, ಕುಂದರ್ರಿ” ಎಂದು ಜಾಗ ಮಾಡಿಕೊಟ್ಟರು. ಚಹಾ ಬಂತು. ನಾನು ಬಾಯಿ ತೆರೆಯುವ ಮೊದಲೇ ಅವರು, “ನಿಮ್ಮ ಭಾಷಣ ನಾನೂ ಕೇಳೀನ್ರಿ. ಯಾರೋ ಮೊಬೈಲಿಗೆ ಕಳಿಸಿದ್ರು. ಭಾಳ ಚಲೋ ನಗಸ್ತೀರಿ” ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ. ನಾನು ಚಹಾವನ್ನು ಬಸಿಗೆ ಬಗ್ಗಿಸಿಕೊಂಡೆ.

ಅತ್ತರು ಬೇಕಿತ್ತು ಎಂದೆ. ಎಷ್ಟಾದರೂ ಕೊಡುತ್ತೇನೆ ಎಂದೂ ಹೇಳಿಬಿಟ್ಟೆ. ಕಾಕಾ ತಲೆಯಾಡಿಸಿದರು.

“ಅದು ಮಾರೂ ಮಾಲ ಅಲ್ರಿ. ಆಕೀಗೆ ಆರು ವರ್ಷ ಇದ್ದಾಗ ಅವ್ವ ಹೋದ್ಲು, ಅದು ನಿಮಗ ಗೊತ್ತೈತಿ. ಥಂಡಿ ದಿನದಾಗ ತಲಿ ಹಸಿ ಇದ್ರ ಹುಡುಗಿಗೆ ನೆಗಡಿ ಆಗತೈತಿ ಅಂತ ನಮ್ಮ ಮನ್ಯಾಕಿ ತನ್ನ ಹೆಣ್ಣಮಕ್ಕಳ ಬಾಜೂಕ ಆಕೀನ್ನೂ ಕುಂದ್ರಿಸಿ, ಕೆಂಡಕ್ಕ ಊದು ಹಾಕಿ, ಮ್ಯಾಲ ಬುಟ್ಟಿ ಡಬ್ಬ ಹಾಕಿ ಕೂದಲಾ ಹರವಿ ಒಣಗಸ್ತಿದ್ಲು. ಲಗ್ನ ಆಗೂತನಕ ಹಂಗ ನಡೀತು. ಗಂಡನ ಮನಿಗೆ ಹೋಗುಮುಂದ ಹುಡುಗಿ ಅತ್ಲು, ಅಲ್ಲೆ ನನಗ ಹೊಗಿ ಯಾರು ಕೊಡ್ತಾರ ಚಾಚಿ ಅಂತ. ಅದಕ್ಕ ನಮ್ಮಾಕಿ ನನಗ ಹೇಳಿದ್ಲು, ಇದನ್ನ ಸೀಸೇದಾಗ ಹಿಡದ ಕೊಡ್ರಿ ಅಂತ. ಈಗ ಆಕೀನೂ ಇಲ್ಲ. ಹೇಳಿದ್ದನ್ನ ನಾ ವರ್ಷಾ ಮಾಡ್ತೀನಿ.”

ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದೂ ನನಗಿದು ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಇವಳು ಎಂದು ಮೊದಲು ಅವಳ ಮೇಲೆಯೇ ಸಿಟ್ಟು ಬಂತು, ಗಂಡಸಿನ ರೂಢಿ. ಆಮೇಲೆ ಕಾರಣ ಹೊಳೆಯಿತು. ಹೇಳಿದ್ದರೆ ಮುಂದಿನ ಗ್ಯಾದರಿಂಗಿನಲ್ಲಿ ಚಾಚಿಯೂ ಬರುತ್ತಿದ್ದಳು, ಬುಟ್ಟಿಯೂ ಬರುತ್ತಿತ್ತು. ಅದು ಅವಳಿಗೆ ಗೊತ್ತಿತ್ತು.

ಕಾಕಾ ಒಳಗಿನಿಂದ ಸೀಸೆ ತಂದರು. ಅವಳ ಪಾಲು, ಬೇಡವೆಂದರೂ ಮಾಡಿಟ್ಟದ್ದು. ಕಡ್ಡಿಯ ತುದಿಯಿಂದ ನನ್ನ ಮಣಿಕಟ್ಟಿಗೆ ಒಂದು ಹನಿ ಹಚ್ಚಿದರು. “ಈಗ ಮೂಸಬ್ಯಾಡ್ರಿ. ಮನಿ ಮುಟ್ಟೂತನಕ ಸುಮ್ಮನಿರ್ರಿ. ಆಕೀ ತಗೊಂಡ ಬಾ ಅಂದ್ರ ಬರ್ರಿ, ಸೀಸೆ ಕೊಡ್ತೀನಿ.” ಸುಮ್ಮನಿರು ಎಂಬುದನ್ನು ಇಷ್ಟು ಮರ್ಯಾದೆಯಿಂದ ನನಗೆ ಯಾರೂ ಹೇಳಿರಲಿಲ್ಲ.

ಸಂಜೆ ಹುಕ್ಕೇರಿಯ ಬಸ್ಸಿನಲ್ಲಿ ಕಿಟಕಿಯಿಂದ ಚಳಿ ನುಗ್ಗುತ್ತಿತ್ತು. ಸ್ವೆಟರಿನ ತೋಳಿನೊಳಗಿಂದ ಹೊಗೆ ಮೆಲ್ಲಗೆ ಎದ್ದಿತು. ಮೊದಲು ಕಟುವಾಗಿ, ಆಮೇಲೆ ಒಲೆಯ ಮುಂದೆ ಯಾರೋ ನನಗೂ ಜಾಗ ಮಾಡಿಕೊಟ್ಟ ಹಾಗೆ. ಪಕ್ಕದವನು “ಎಲ್ಲಿ ಪೂಜಾ ಇತ್ರಿ?” ಎಂದು ಕೇಳಿದ. ಅದು ನನ್ನದೇ ಜೋಕು, ನನಗೇ ವಾಪಸು ಬಂದಿತ್ತು. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಮಹಾದೇವಿ ಚಹಾ ತಂದು ಇಟ್ಟಳು. ಇಟ್ಟವಳು ಹೋಗಲಿಲ್ಲ. ನನ್ನ ಕುರ್ಚಿಯ ಹಿಂದೆ ಹಾಗೇ ನಿಂತಳು.

“ಕಾಕಾ ಆರಾಮ ಅದಾರೇನ್ರಿ?”

“ಅದಾರ.” ಬಾಯಿಗೆ ಒಂದು ಚಂದದ ಮಾತು ಬಂದಿತ್ತು, ನುಂಗಿದೆ. “ತಪ್ಪಾತು ನಂದು” ಎಂದೆ. ಮೂವತ್ತು ವರ್ಷದಲ್ಲಿ ಬಾಲಂಗೋಚಿ ಇಲ್ಲದೆ ನಾನು ಆಡಿದ ಮೊದಲ ಮಾತು ಅದಿರಬೇಕು.

ಅವಳು ಕುರ್ಚಿ ಸುತ್ತಿ ಮುಂದೆ ಬಂದಳು. “ಚಾಚೀದು ಹೇಳಿದ್ರೇನು ಕಾಕಾ?”

“ಹೂಂ.”

“ಸೀಸೆ ತಗೊಂಡ ಬರ್ರಿ, ಹಚ್ಕೋತೀನಿ. ಖರೆ ಅದನ್ನ ಮಾತ್ರ ಮೈಕಿನ ಮುಂದ ಹೇಳಬ್ಯಾಡ್ರಿ. ಅದೊಂದ ನನ್ನ ಕಡೆ ಇರಲಿ.”

ಆಣೆ ಮಾಡಿದೆ. ಮುಂದಿನ ರವಿವಾರ ಸೀಸೆ ತಂದೆ. ಈ ಚಳಿಗಾಲ ಮನೆಯಲ್ಲಿ ಮತ್ತೆ ಹೊಗೆಯ ವಾಸನೆ ಇದೆ, ನಾನು ನೆಮ್ಮದಿಯಿಂದ ಉಸಿರಾಡುತ್ತಿದ್ದೇನೆ. ಮೈಕಿನ ಮುಂದೆ ಇದರ ಒಂದಕ್ಷರ ಆಡಿಲ್ಲ, ಆಣೆ ಉಳಿಸಿಕೊಂಡಿದ್ದೇನೆ. ಬರೆಯಬೇಡಿರೆಂದು ಅವಳೇನೂ ಅಂದಿರಲಿಲ್ಲ ಎಂದು ನನಗೆ ನಾನೇ ವಾದಿಸಿಕೊಂಡು, ಮುಂಜಾನೆಯಿಂದ ಇದನ್ನು ಬರೆಯುತ್ತ ಕೂತಿದ್ದೇನೆ. ಈಗಷ್ಟೇ ಅವಳು ಬೂದು ಶಾಲು ಹೊದ್ದುಕೊಂಡು ಬಂದು, “ಏನ್ ಬರ್ಯಾಕತ್ತೀರಿ?” ಎಂದು ಕೇಳಿದಳು. “ಊರಾಗಿನ ಥಂಡಿ ಬಗ್ಗೆ” ಎಂದೆ. ನಂಬಿ ಒಳಗೆ ಹೋದಳು.

ಇದು ಅಚ್ಚಾದ ಮರುದಿನ ನೀವು ನಮ್ಮ ಹಿತ್ತಲಿನ ಕಡೆ ಬಂದು, ತಂತಿಯ ಮೇಲೆ ಒಂದು ಬೂದು ಶಾಲು ಒಣಗುತ್ತಿರುವುದನ್ನು ಕಂಡರೆ, ಯಾಕೆಂದು ಒಳಗೆ ಬಂದು ಕೇಳಬೇಡಿ.